ಹದಿನೇಳನೇ ನಿಮಿಷದ ನೀರು

ಹನ್ನೆರಡು ಅಂಶಗಳ ಆ ಹಾಳೆಯಲ್ಲಿ ನನಗೆ ನಾನೇ ಹನ್ನೊಂದು ಅಂಕ ಕೊಟ್ಟುಕೊಂಡಿದ್ದೆ. ಹನ್ನೆರಡಕ್ಕೆ ಹನ್ನೆರಡು ಹಾಕಿಕೊಂಡರೆ ಜಂಬವೆನಿಸೀತು ಎಂದು ಒಂದು ಅಂಕವನ್ನು ವಿನಯಕ್ಕೆ ಬಿಟ್ಟುಕೊಟ್ಟಿದ್ದೆ. ಅದೇ ಧ್ವನಿಮುದ್ರಣವನ್ನು ಕೇಳಿದ ನನ್ನ ಮೇಲ್ವಿಚಾರಕಿ ಕೊಟ್ಟದ್ದು ಐದು.

ನಡುವಿನ ಆ ಆರು ಅಂಕಗಳಲ್ಲಿ ಒಬ್ಬರು ನಾಲ್ಕು ವಾರ ಸಿಕ್ಕಿಹಾಕಿಕೊಂಡಿದ್ದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಿರಲೆಂದು ಅವರ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನನ್ನ ತಪ್ಪುಗಳನ್ನು ಮಾತ್ರ ಇದ್ದ ಹಾಗೇ ಬಿಟ್ಟಿದ್ದೇನೆ.

ನಾನು ಕೂರುವುದು ಜಯನಗರದಲ್ಲಿ, ಕಾಂಡಿಮೆಂಟ್ಸ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಹನ್ನೊಂದು ಗಂಟೆಗೆ ಕೆಳಗೆ ಕೋಡುಬಳೆ ಕರಿಯಲು ಶುರುಮಾಡುತ್ತಾರೆ. ಜನ ಮೇಲೆ ಬಂದು ಬದುಕಿನ ಅತ್ಯಂತ ಕೆಟ್ಟ ಗಳಿಗೆಯನ್ನು ಹೇಳಿಕೊಳ್ಳುವುದೂ ಆ ಘಮದಲ್ಲೇ. ಮೊದಮೊದಲು ಇದರ ಬಗ್ಗೆಯೂ ನನಗೆ ಚಿಂತೆಯಿತ್ತು. ಚಿಂತೆಗೆ ನನಗೆ ಕಾರಣ ಬೇಕಿಲ್ಲ. ಯಡಿಯೂರಿನ ಮನೆಯಿಂದ ಹೊರಟವಳು ಕೆರೆಯ ತಿರುವಿನಿಂದ ವಾಪಸು ಹೋಗಿ ಗ್ಯಾಸ್ ಆಫ್ ಆಗಿದೆಯೇ ನೋಡಿ ಬರುವ ಜಾತಿ ನನ್ನದು. ಒಂದು ರೆಕಾರ್ಡರ್ ಕೈಕೊಟ್ಟರೆ ಎಂದು ಎರಡು ಇಟ್ಟುಕೊಳ್ಳುತ್ತೇನೆ.

ರೆಕಾರ್ಡರ್ ಏಕೆ ಎಂದರೆ, ಮಾನಸಿಕ ಆಘಾತದ ಚಿಕಿತ್ಸೆಗೆ ನಾವು ಬಳಸುವ ವಿಧಾನವೇ ಹಾಗಿದೆ. ನಡೆದದ್ದನ್ನು ಅವರು ಕಣ್ಣು ಮುಚ್ಚಿ, ಈಗಲೇ ನಡೆಯುತ್ತಿದೆ ಎನ್ನುವಂತೆ, ಮೊದಲಿನಿಂದ ಕೊನೆಯವರೆಗೆ ಹೇಳಬೇಕು. ಮುಗಿದರೆ ಮತ್ತೆ ಮೊದಲಿಂದ. ಹೀಗೆ ಸುಮಾರು ನಲವತ್ತು ನಿಮಿಷ. ಐದು ನಿಮಿಷಕ್ಕೊಮ್ಮೆ ನಾನು "ಎಷ್ಟು?" ಎಂದು ಕೇಳುತ್ತೇನೆ. ಒಳಗಿನ ಸಂಕಟ ಸೊನ್ನೆಯಿಂದ ನೂರರೊಳಗೆ ಎಷ್ಟಿದೆ ಎಂದು ಅವರು ಹೇಳುತ್ತಾರೆ. ಆ ಧ್ವನಿಮುದ್ರಣವನ್ನು ಮನೆಗೆ ಒಯ್ದು ದಿನವೂ ಕೇಳಬೇಕು. ಜೊತೆಗೆ, ಘಟನೆಯಾದ ಮೇಲೆ ಯಾವುದರಿಂದೆಲ್ಲ ತಪ್ಪಿಸಿಕೊಂಡು ಓಡಾಡುತ್ತಿದ್ದಾರೋ ಅದರದೊಂದು ಪಟ್ಟಿ ಮಾಡಿ, ಸುಲಭದ್ದರಿಂದ ಕಷ್ಟದ್ದರವರೆಗೆ ಒಂದೊಂದಾಗಿ ಎದುರಿಸಬೇಕು. ನೆನಪಿನ ಬಾಗಿಲನ್ನು ಎಷ್ಟು ಸಲ ತೆರೆದು ಒಳಗೆ ಹೋಗಿ ಬಂದರೆ ಅದು ಅಷ್ಟು ಬರೀ ನೆನಪಾಗುತ್ತದೆ ಎನ್ನುವುದು ಇದರ ತಿರುಳು.

ಹಾಳೆ ಇರುವುದು ಅವರಿಗಲ್ಲ, ನನಗೆ. ಥೆರಪಿಸ್ಟ್ ವಿಧಾನವನ್ನು ವಿಧಾನದಂತೆ ನಡೆಸಿದಳೋ, ನಡುವೆ ತನ್ನ ಒಗ್ಗರಣೆ ಹಾಕಿದಳೋ ಎಂದು ಅಳೆಯುವ ಹಾಳೆ. ಪ್ರತಿ ಭೇಟಿಯ ನಂತರ ನಾನೇ ತುಂಬುತ್ತಿದ್ದೆ. ಆಗಾಗ ಯಾವುದಾದರೊಂದು ಧ್ವನಿಮುದ್ರಣವನ್ನು ಆರಿಸಿ ಮೇಲ್ವಿಚಾರಕಿ ಕೇಳುತ್ತಿದ್ದರು. ನನಗೆ ಇದು ಒಳಗೊಳಗೇ ಅವಮಾನವೆನಿಸಿತ್ತು. ಇಷ್ಟು ವರ್ಷ ಅಡುಗೆ ಮಾಡಿದವಳಿಗೆ ಅಳತೆ ಲೋಟ ಕೊಟ್ಟಂತೆ.

ಆ ಆರು ಅಂಕಗಳಲ್ಲಿ ಸಿಕ್ಕಿಕೊಂಡವರು ಬಂದದ್ದು ಒಂದು ಬುಧವಾರ, ಹೆಂಡತಿಯ ಜೊತೆ. ಸುಬ್ರಹ್ಮಣ್ಯಪುರದ ಹಳೇ ಊರಿನವರು, ಐವತ್ತು ದಾಟಿದವರು. ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಅಣ್ಣ ತಮ್ಮ ಸೇರಿ ಮೂರು ಅಂತಸ್ತಿನ ಮನೆ ಕಟ್ಟಿಸಿದ್ದರು. ಕೆಳಗೆ ತಮ್ಮನ ಸಂಸಾರ, ನಡುವೆ ಇವರದು, ಮೇಲೆ ಬಾಡಿಗೆಗೆ. ಬಾಡಿಗೆಯವರು ಇವರನ್ನು ಓನರ್ ಎನ್ನುತ್ತಾರೆ. ಇಲ್ಲಿ ನಾನೂ ಹಾಗೇ ಕರೆಯುತ್ತೇನೆ.

ಒಂದೂವರೆ ವರ್ಷದ ಹಿಂದೆ, ಬೇಸಿಗೆಯ ಒಂದು ಬೆಳಿಗ್ಗೆ, ಅಣ್ಣ ತಮ್ಮ ಮನೆಯ ಮುಂದೆ ನೆಲದಡಿ ಇದ್ದ ನೀರಿನ ಸಂಪು ತೊಳೆಯಲು ನಿಂತರು. ಕರೆಂಟ್ ಇರಲಿಲ್ಲ. ತಳದಲ್ಲಿ ಉಳಿದ ನೀರೆತ್ತಲು ಸಣ್ಣದೊಂದು ಪೆಟ್ರೋಲ್ ಪಂಪನ್ನು ಹಗ್ಗ ಕಟ್ಟಿ ಸಂಪಿನೊಳಗೇ ಇಳಿಸಿ ಓಡಿಸಿದರು. ನೀರು ಖಾಲಿಯಾದ ಮೇಲೆ ಪಂಪನ್ನು ಮೇಲೆಳೆದು, ತಮ್ಮ ಪೊರಕೆ ಹಿಡಿದು ಇಳಿದ. ಪಂಪಿನ ಹೊಗೆ ಒಳಗೇ ಉಳಿದಿತ್ತು. ಆ ಹೊಗೆಯಲ್ಲಿರುವ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಮ್ಮ ಹತ್ತಿ ಬರಲಿಲ್ಲ.

ಅಂದಿನಿಂದ ಓನರ್ ಆ ಸಂಪಿನ ಮುಚ್ಚಳ ತೆಗೆದಿಲ್ಲ. ಅದರ ಮೇಲೆ ಹೂವಿನ ಕುಂಡಗಳನ್ನು ಜೋಡಿಸಿದ್ದಾರೆ. ಟ್ಯಾಂಕರ್ ನೀರು ಪೈಪಿನಲ್ಲಿ ನೇರ ಮೇಲಿನ ತೊಟ್ಟಿಗೆ ಹೋಗುತ್ತದೆ. ಯಾರ ಮನೆಯದಾದರೂ ಸಂಪಿನ ನೀರು ಬಾಯಿಗೆ ಹೋಗುವುದಿಲ್ಲ, ಕುಡಿಯುವುದು ಕ್ಯಾನ್ ನೀರು ಮಾತ್ರ. ಸಂಪು ಇರುವುದು ತಮ್ಮನ ಹೆಂಡತಿಯ ಬಾಗಿಲ ಎದುರಿಗೆ. ಹಾಗಾಗಿ ಇವರು ಹಿಂದಿನ ಗೇಟಿನಿಂದ ಓಡಾಡುತ್ತಾರೆ. ಒಂದೇ ಕಟ್ಟಡದಲ್ಲಿದ್ದುಕೊಂಡು ಒಂದೂವರೆ ವರ್ಷ ಆಕೆಯ ಮುಖ ನೋಡಿ ಮಾತಾಡಿಲ್ಲ. ನಿದ್ದೆ ಎರಡು ಮೂರು ಗಂಟೆ.

"ಹತ್ತು ವಾರ ಬರ್ತೀನಿ ಮೇಡಂ," ಎಂದರು. "ಆಗ್ಲಿಲ್ಲ ಅಂದ್ರೆ ಮನೆ ಮಾರ್ಬಿಟ್ಟು ಎಲ್ಲಾದ್ರೂ ಹೋಗ್ತೀನಿ. ಅಲ್ಲಿ ಇರಕ್ಕಾಗಲ್ಲ."

ಪಕ್ಕದಲ್ಲಿದ್ದ ಹೆಂಡತಿ ನನ್ನನ್ನೇ ನೋಡುತ್ತಿದ್ದರು. ಮನೆ ಮಾರಿದರೆ ಕೆಳಗಿನ ಮನೆಯಾಕೆ ಎಲ್ಲಿಗೆ ಹೋಗಬೇಕು ಎನ್ನುವುದನ್ನು ಅವರು ಬಾಯಿಬಿಟ್ಟು ಕೇಳಲಿಲ್ಲ.

ನಾನು ನೀರು ಕೊಟ್ಟೆ. ಓನರ್ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, "ಇದು ಕ್ಯಾನ್ ನೀರಾ ಮೇಡಂ?" ಎಂದರು. ಅಲ್ಲ, ಹೊರಗಿನ ಪ್ಯಾಸೇಜಿನ ಫಿಲ್ಟರಿನದು, ಈ ಕಟ್ಟಡದ ಸಂಪಿನದೇ ಎಂದೆ. ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ನನಗೆ ಅಯ್ಯೋ ಎನಿಸಿತು. ಮುಂದಿನ ವಾರದಿಂದ ಕೆಳಗಿನ ಅಂಗಡಿಯಿಂದ ಕ್ಯಾನ್ ನೀರು ತರಿಸಿ, ಅವರಿಗೆಂದೇ ಒಂದು ಸ್ಟೀಲ್ ಜಗ್ಗಿನಲ್ಲಿ ತುಂಬಿಸಿ, ನನ್ನ ಕುರ್ಚಿಯ ಪಕ್ಕ ಇಡತೊಡಗಿದೆ. ಇದನ್ನು ನಾನು ಸೂಕ್ಷ್ಮ ಸಂವೇದನೆ ಎಂದುಕೊಂಡಿದ್ದೆ.

ಮೊದಲ ಎರಡು ಭೇಟಿ ಮಾತುಕತೆ, ಪಟ್ಟಿ. ಪಟ್ಟಿಯ ಕೆಳಗಡೆ, ಮೂವತ್ತರ ಸಂಕಟದಲ್ಲಿ, ಕುಂಡ ತೆಗೆಯುವುದು ಇತ್ತು. ಮುಚ್ಚಳದ ಮೇಲೆ ನಿಲ್ಲುವುದು ಅರವತ್ತು, ತೆರೆದು ನೋಡುವುದು ಎಂಬತ್ತೈದು, ಸಂಪಿನ ನೀರು ಕುಡಿಯುವುದು ತೊಂಬತ್ತು. ತಮ್ಮನ ಹೆಂಡತಿಯ ಎದುರು ನಿಲ್ಲುವುದಕ್ಕೆ ನೂರು. ಯಾರೂ, ಯಾವ ಕಾರಣಕ್ಕೂ ಸಂಪಿಗೆ ಇಳಿಯಕೂಡದು ಎಂದು ಮೇಲೆ ದಪ್ಪಕ್ಷರದಲ್ಲಿ ಬರೆದೆ. ಅದೇ ಸಂಜೆ ಮನೆಗೆ ಹೋಗಿ ನಮ್ಮ ಸಂಪಿನ ಮುಚ್ಚಳಕ್ಕೂ ಬೀಗ ಜಡಿದೆ. ನಮ್ಮನೆಯವರು ಎರಡು ದಿನ ಸುಮ್ಮನಿದ್ದು, ಮೂರನೇ ದಿನ ನೀರು ಬಿಟ್ಟಾಗ, "ನಲ್ಲಿ ನೀರು ಎಷ್ಟು ತುಂಬಿದೆ ಅಂತ ನೋಡ್ಬೇಕು, ಕೀ ಎಲ್ಲಿಟ್ಟೆ?" ಎಂದರು. ಕೀ ಎಲ್ಲಿಟ್ಟಿದ್ದೆ ಎಂದು ನನಗೆ ನೆನಪಿರಲಿಲ್ಲ.

ಮೂರನೇ ಭೇಟಿಯಲ್ಲಿ ಹೇಳುವುದು ಶುರುವಾಯಿತು. ಓನರ್ ಒಳ್ಳೆಯ ನಿರೂಪಕರು. ಬೆಳಗಿನ ಕಾಫಿ, ಕರೆಂಟ್ ಹೋದದ್ದು, ಪಕ್ಕದ ಬೀದಿಯಿಂದ ಪಂಪ್ ತಂದದ್ದು, ಹಗ್ಗದ ಗಂಟು, ಎಲ್ಲವೂ ಕಣ್ಣಿಗೆ ಕಟ್ಟುವಂತೆ ಬರುತ್ತಿತ್ತು. ಪಂಪ್ ಮೇಲೆ ಬಂತು. ತಮ್ಮ ಏಣಿ ಇಳಿದ. ಬಕೆಟ್ ಇಸಿದುಕೊಂಡ. ಅಷ್ಟು ಹೊತ್ತಿಗೆ ಓನರ್ ಉಸಿರು ಏರುತ್ತಿತ್ತು, ಕುತ್ತಿಗೆಯ ನರ ಉಬ್ಬುತ್ತಿತ್ತು. ಆಮೇಲೆ ಒಂದು ನಿಮಿಷ ಏನೇನೋ ಆಗಿ, ಕಥೆ ಆಂಬುಲೆನ್ಸಿಗೆ ಬಂದಿರುತ್ತಿತ್ತು. ಸಂಖ್ಯೆ ಎಪ್ಪತ್ತು. ಎರಡನೇ ಸುತ್ತಿನಲ್ಲೂ ಎಪ್ಪತ್ತು.

ನಾಲ್ಕನೇ ವಾರ ಎಪ್ಪತ್ತು. ಐದನೇ ವಾರ ಎಪ್ಪತ್ತೈದು. ಇಳಿಯಬೇಕಾದದ್ದು ಏರುತ್ತಿತ್ತು. ನಿದ್ದೆ ಇನ್ನೂ ಕಡಿಮೆಯಾಗಿತ್ತು. ನಾನು ರೆಕಾರ್ಡರಿನ ಬ್ಯಾಟರಿ ಬದಲಿಸಿದೆ, ಕುರ್ಚಿಯ ಕೋನ ಬದಲಿಸಿದೆ, ಕೋಡುಬಳೆಯ ಘಮ ಬಾರದಂತೆ ಕಿಟಕಿ ಮುಚ್ಚಿಸಿದೆ. ಆರನೇ ವಾರ ಅರ್ಧ ಸಮಯವನ್ನು ಉಸಿರಾಟದ ಅಭ್ಯಾಸಕ್ಕೂ ಬಾಡಿಗೆಯವರ ಜಗಳದ ಮಾತಿಗೂ ಕೊಟ್ಟೆ. ಹೋಗುವಾಗ ಅವರು ಸ್ವಲ್ಪ ಹಗುರಾದಂತೆ ಕಂಡರು. ನನಗೂ ಹಗುರಾಯಿತು. ಈ ವಿಧಾನ ಎಲ್ಲರಿಗೂ ಒಗ್ಗುವುದಿಲ್ಲ, ಇವರ ಸ್ವಭಾವಕ್ಕೆ ಬೇರೆ ಏನಾದರೂ ಬೇಕು, ಅನುಭವ ಇರುವುದೇ ಇಂಥದ್ದನ್ನು ಗುರುತಿಸುವುದಕ್ಕೆ ಎಂದು ಟಿಪ್ಪಣಿ ಬರೆದೆ. ಹಾಳೆಯಲ್ಲಿ ಹನ್ನೊಂದು ಹಾಕಿಕೊಂಡೆ. ಏಳನೇ ವಾರ ಹೇಳಿಸುವುದನ್ನೇ ನಿಲ್ಲಿಸಿಬಿಡುವುದು ಎಂದು ತೀರ್ಮಾನಿಸಿ, ಮೇಲ್ವಿಚಾರಕಿಗೆ ಒಂದು ಮಾತು ತಿಳಿಸೋಣವೆಂದು ಫೋನ್ ಮಾಡಿದೆ.

"ನಿಲ್ಲಿಸೋಣಂತೆ. ನಾಲ್ಕೂ ವಾರದ್ದು ಕಳ್ಸಿ, ಕೇಳ್ತೀನಿ," ಎಂದರು.

ಅವರದು ಬನಶಂಕರಿಯಲ್ಲಿ ಹಳೆಯ ಮನೆ. ಬಹಳ ವರ್ಷ ಪಾಠ ಹೇಳಿ ನಿವೃತ್ತರಾದವರು. ಶನಿವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಸ್ಪೀಕರ್ ಇಟ್ಟುಕೊಂಡು ಕೂತಿದ್ದರು. ಎದುರಿಗೆ ಐದು ಅಂಕ ಹಾಕಿದ ಹಾಳೆ. ಅವರು ಅದರ ಬಗ್ಗೆ ಏನೂ ಹೇಳದೆ, ಒಂದು ಖಾಲಿ ಹಾಳೆಯನ್ನೂ ಪೆನ್ಸಿಲನ್ನೂ ನನ್ನತ್ತ ಸರಿಸಿದರು. ಯಾರೋ ಬೇರೆ ಥೆರಪಿಸ್ಟ್ ಎಂದುಕೊಂಡು ಕೇಳಬೇಕಂತೆ.

ಮೂರನೇ ವಾರದ್ದು ಹಾಕಿದರು. ಓನರ್ ದನಿ. ಪಂಪ್ ಮೇಲೆ ಬಂತು. ತಮ್ಮ ಇಳಿದ. ಬಕೆಟ್ ಇಸಿದುಕೊಂಡ. ಹದಿನೇಳನೇ ನಿಮಿಷ. ಅಲ್ಲಿ, ಮೆತ್ತಗೆ, ಅಕ್ಕರೆಯಿಂದ, ನನ್ನ ದನಿ: "ಸ್ವಲ್ಪ ನೀರು ಕುಡೀರಿ." ಜಗ್ಗಿನಿಂದ ನೀರು ಬಗ್ಗಿಸುವ ಸದ್ದು. ಗುಟುಕಿನ ಸದ್ದು. ಆಮೇಲೆ ಓನರ್: "ಆಂಬುಲೆನ್ಸ್ ಬಂತು."

ನಾಲ್ಕನೇ ವಾರದ್ದು. ಹದಿನಾರನೇ ನಿಮಿಷ. "ಸ್ವಲ್ಪ ನೀರು ಕುಡೀರಿ." ಐದನೇ ವಾರದ್ದು ಹದಿನೆಂಟು. ಆರನೇ ವಾರ ಅರ್ಧಂಬರ್ಧ ಹೇಳಿಸಿದ್ದರಲ್ಲೂ ಬಿಡದೆ ಅದೇ ಬಕೆಟ್ಟಿನ ಹತ್ತಿರ ಬಂದು ನೀರು ಕೊಟ್ಟಿದ್ದೆ. ಎರಡು ರೆಕಾರ್ಡರ್ ಇಟ್ಟು, ಬ್ಯಾಟರಿ ನೋಡಿ, ಕೆಂಪು ದೀಪ ನೋಡಿ ಇಷ್ಟೆಲ್ಲ ಮುದ್ರಿಸಿಕೊಂಡವಳು ಒಂದನ್ನೂ ತಿರುಗಿ ಕೇಳಿರಲಿಲ್ಲ.

ಅವರು ಸ್ಪೀಕರ್ ಆಫ್ ಮಾಡಿದರು.

"ನೀರು ಅವರು ಕೇಳಿದ್ರಾ?"

"ಇಲ್ಲ ಮೇಡಂ. ನಮ್ಮ ಕಡೆ ಯಾರಾದ್ರೂ ಬಂದ್ರೆ ನೀರು ಕೊಡದು ಅಭ್ಯಾಸ ಅಲ್ವಾ…"

"ಬಂದೋರಿಗೆ ಬಾಗಿಲಲ್ಲಿ ಕೊಡ್ತೀವಮ್ಮ. ಅರ್ಧ ಊಟದಲ್ಲಿ ಎಲೆ ಮುಂದಿಂದ ಎಬ್ಬಿಸಿ ಕೊಡ್ತೀವಾ?"

ನಾನು ಕಳುಹಿಸಿದ್ದ ಪಟ್ಟಿಯ ಮೇಲೆ ಅವರು ಬೆರಳಿಟ್ಟರು. ಸಂಪಿನ ನೀರು ಕುಡಿಯುವುದು, ತೊಂಬತ್ತು. ಓನರ್ ಯಾವುದರಿಂದ ತಪ್ಪಿಸಿಕೊಳ್ಳುತ್ತಿದ್ದಾರೆಂದು ನಾನೇ ಬರೆದುಕೊಂಡಿದ್ದೆನೋ ಅದಕ್ಕೆ ನಾನೇ ಪ್ರತಿ ವಾರ ಕ್ಯಾನ್ ತರಿಸಿ ಜಗ್ಗು ತುಂಬಿಸಿದ್ದೆ. ಬಕೆಟ್ ಇಸಿದುಕೊಂಡದ್ದಕ್ಕೂ ಆಂಬುಲೆನ್ಸಿಗೂ ನಡುವೆ ಏನಾಯಿತೆಂದು ನಾಲ್ಕು ವಾರವಾದರೂ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ವಿಧಾನ ಸೋತಿರಲಿಲ್ಲ. ವಿಧಾನ ಇನ್ನೂ ಶುರುವೇ ಆಗಿರಲಿಲ್ಲ.

ಯಾಕೆ ಹಾಗೆ ಮಾಡಿದೆ ಎಂದು ಮೇಲ್ವಿಚಾರಕಿ ಕೇಳಲಿಲ್ಲ, ನಾನೇ ಹೇಳಿದೆ. ಆ ಬಕೆಟ್ಟಿನ ಹತ್ತಿರ ಬಂದಾಗ ಮುಂದಿನದನ್ನು ಕೇಳಲು ನನಗೇ ಆಗುತ್ತಿರಲಿಲ್ಲ. ಅದಕ್ಕೆ ಕರುಣೆ ಎಂದು ಹೆಸರಿಟ್ಟುಕೊಂಡಿದ್ದೆ. ಅವರು ತಲೆಯಾಡಿಸಿ, ಒಳಗೆ ಹೋಗಿ ಕಾಫಿ ತಂದರು. ಅದನ್ನು ಕೊಡುವುದಕ್ಕೂ ನಾನು ಹೇಳಿ ಮುಗಿಸುವವರೆಗೆ ಕಾದಿದ್ದರು ಎನ್ನುವುದು ಮನೆಗೆ ಬಂದ ಮೇಲೆ ಹೊಳೆಯಿತು.

ಮುಂದೇನು ಎನ್ನುವುದನ್ನು ನನಗೇ ಬಿಟ್ಟರು. ಉಳಿದಿದ್ದದ್ದು ನಾಲ್ಕು ಭೇಟಿ. ವಿಧಾನವನ್ನು ಬಿಟ್ಟು ಸಮಾಧಾನದ ಮಾತಾಡಿ ಮುಗಿಸಬಹುದಿತ್ತು. ಓನರ್ ಬೇಸರಿಸುತ್ತಿರಲಿಲ್ಲ, ಮನೆ ಮಾರುತ್ತಿದ್ದರು, ಅಷ್ಟೇ. ಇಲ್ಲವಾದರೆ ತಪ್ಪನ್ನು ಅವರಿಗೆ ಹೇಳಿ, ಹಾಳೆಯಲ್ಲಿದ್ದಂತೆ ಮೊದಲಿಂದ ಶುರುಮಾಡಬೇಕು. ಅವರು ಎದ್ದು ಹೋಗಲೂಬಹುದು. ಎರಡು ದಿನ ನಾನು ಇದನ್ನೇ ಜಗಿದೆ. ಕೊನೆಗೆ ಹೇಳುವುದೆಂದು ನಿರ್ಧರಿಸಿ ಒಂದೂವರೆ ಪುಟದ ಕ್ಷಮಾಪಣೆ ಬರೆದು ಮೇಲ್ವಿಚಾರಕಿಗೆ ಕಳುಹಿಸಿದೆ. ಅದರಲ್ಲಿ ನನ್ನ ಬಾಲ್ಯವೂ ಒಂದು ಪ್ಯಾರಾ ಇತ್ತು. ಅವರು ಎರಡು ವಾಕ್ಯ ಉಳಿಸಿ ವಾಪಸು ಕಳುಹಿಸಿದರು.

ಏಳನೇ ಬುಧವಾರ ಬೆಳಿಗ್ಗೆ ಜಗ್ಗನ್ನು ಒಯ್ದು ಹೊರಗಿನ ಕಪಾಟಿನಲ್ಲಿಟ್ಟೆ. ಓನರ್ ಬಂದು ಕೂತರು. ನಾನು ಎರಡು ವಾಕ್ಯ ಹೇಳಿದೆ: "ಹೋದ ನಾಲ್ಕು ವಾರಾನೂ ನೀವು ಒಂದು ಜಾಗಕ್ಕೆ ಬಂದಾಗ ನಾನೇ ನಿಮ್ಮನ್ನ ನಿಲ್ಲಿಸಿದೀನಿ. ತಪ್ಪು ನಂದು, ನಿಮ್ಮದಲ್ಲ."

ಅವರು ಜಗ್ಗು ಇರುತ್ತಿದ್ದ ಜಾಗವನ್ನು ನೋಡಿದರು.

"ಆ ರೆಕಾರ್ಡಿಂಗ್ ನಾನು ದಿನಾ ಕೇಳ್ತೀನಲ್ಲ ಮೇಡಂ," ಎಂದರು. "ಅಲ್ಲಿಗ್ ಬಂದ್ರೆ ನೀವು ನೀರ್ ಕುಡೀರಿ ಅಂತೀರ. ನಾನೂ ಎದ್ದೋಗಿ ಕುಡ್ಕೊಂಡ್ ಬಂದು ಕೂತ್ಕೊಂತಿದ್ದೆ."

ನನಗೆ ನಗು ಬಂದುಬಿಟ್ಟಿತು. ಅವರೂ ಸ್ವಲ್ಪ ನಕ್ಕರು. ಆಮೇಲೆ ನೆಲ ನೋಡುತ್ತ ಹೇಳಿದರು: "ನಾನೇನ್ ಅಂದ್ಕೊಂಡೆ ಅಂದ್ರೆ, ಮೇಡಂಗೆ ಗೊತ್ತಾಗೋಗೈತೆ. ಮುಂದಕ್ಕಿರೋದು ಮನುಷ್ರು ಕೇಳೋ ಅಂತಾದ್ದಲ್ಲ, ಅದ್ಕೇ ತಡೀತಾವ್ರೆ ಅಂತ."

ಇಪ್ಪತ್ತೆಂಟು ದಿನ, ದಿನಕ್ಕೊಮ್ಮೆ, ನನ್ನ ಅಕ್ಕರೆಯ ದನಿ ಅವರಿಗೆ ಅದನ್ನೇ ಹೇಳಿತ್ತು.

ಕೇಳುತ್ತೇನೆ, ಪೂರ್ತಿ ಕೇಳುತ್ತೇನೆ ಎಂದೆ. ಶುರುಮಾಡೋಣವೇ ಎಂದೆ. ಅವರು ಒಮ್ಮೆ ಬಾಗಿಲ ಕಡೆ ನೋಡಿ, ಕಣ್ಣು ಮುಚ್ಚಿದರು.

ಕಾಫಿ. ಕರೆಂಟ್. ಪಂಪ್. ಹಗ್ಗ. ನಾನು ನನ್ನೆರಡು ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದೆ. ಶಾಲೆಯಲ್ಲಿ ಗಲಾಟೆ ಮಾಡಿದವರನ್ನು ಕೂರಿಸುವ ಹಾಗೆ. ತಮ್ಮ ಏಣಿ ಇಳಿದ. ಬಕೆಟ್ ಇಸಿದುಕೊಂಡ. ಉಸಿರು ಏರಿತು. ಗಡಿಯಾರದಲ್ಲಿ ಹದಿನಾರು ದಾಟಿತ್ತು.

"ಈಗ ಏನು ಕಾಣ್ತಿದೆ?" ಎಂದೆ. ಹಾಳೆ ಅನುಮತಿಸುವುದು ಅಷ್ಟನ್ನೇ.

"ತಲೆ ಕಾಣ್ತೈತೆ. ಬಗ್ಗಿ ಉಜ್ತಾವ್ನೆ. ಪೊರಕೆ ಸದ್ದು." ನಿಲ್ಲಿಸಿದರು. "ಮ್ಯಾಕ್ ನೋಡ್ದ. ಅಣ್ಣಾ, ತಲೆ ತಿರುಗ್ತೈತೆ ಅಂತಾವ್ನೆ."

ನಾನು ಕಾದೆ.

"ನಾನು ಅಂತೀನಿ… ನಾಟ್ಕ ಆಡ್ಬ್ಯಾಡ, ಬಿರ್ರನೆ ಮುಗ್ಸಿ ಹತ್ತು, ಅಂತೀನಿ." ಮುಖ ಪೂರ್ತಿ ಒದ್ದೆಯಾಗಿತ್ತು. "ಪೊರಕೆ ಸದ್ದು ನಿಂತೋಯ್ತು."

ಅದೇ ಆ ನಡುವಿನ ಒಂದು ನಿಮಿಷ. ಹೆಂಡತಿಗೂ ಹೇಳಿರಲಿಲ್ಲ, ಪೊಲೀಸರಿಗೂ ಹೇಳಿರಲಿಲ್ಲ. ತಮ್ಮನಿಗೆ ತಾನು ಆಡಿದ ಕೊನೆಯ ಮಾತು.

ಆ ಹೊತ್ತಿನಲ್ಲಿ ನೀರು ನಿಜವಾಗಿ ಬೇಕಿದ್ದದ್ದು ನನಗೆ. ನಿಮ್ಮ ತಪ್ಪಲ್ಲ, ನಿಮ್ಮ ತಪ್ಪಲ್ಲ ಎನ್ನುವ ಮಾತು ಗಂಟಲಿನಲ್ಲಿ ಬಂದು ನಿಂತಿತ್ತು. ಹಾಳೆಯ ಎಂಟನೇ ಅಂಶ ತಡೆಯುವುದು ಅದನ್ನೇ: ಅವರು ತಲುಪಬೇಕಾದ ಕಡೆಗೆ ಥೆರಪಿಸ್ಟ್ ಎತ್ತಿಕೊಂಡು ಹೋಗಿ ಇಳಿಸಬಾರದು.

"ಎಷ್ಟು?"

"ನೂರು."

"ಮತ್ತೆ ಮೊದಲಿಂದ ಹೇಳಿ."

ಇಷ್ಟು ವರ್ಷದಲ್ಲಿ ನಾನು ಯಾರಿಗಾದರೂ ಆಡಿದ ಅತ್ಯಂತ ಕಟುವಾದ ಮಾತು ಅದೇ ಇರಬೇಕು. ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ನಾನು ಅಲ್ಲೇ ಇದ್ದೆ. ಅದೊಂದನ್ನು ಖಾತ್ರಿ ಮಾಡಿಕೊಂಡವರಂತೆ ಮತ್ತೆ ಮುಚ್ಚಿದರು. ಎರಡನೇ ಸಲ ನೂರು. ಮೂರನೇ ಸಲ ತೊಂಬತ್ತು. ಆಮೇಲೆ, ಕಣ್ಣು ತೆರೆದು ಮಾತಾಡುವ ಸಮಯದಲ್ಲಿ, ಆ ಮಾತು ಆಡಿದಾಗ ನಿಮಗೆ ಏನೇನು ಗೊತ್ತಿತ್ತು ಎಂದು ಮಾತ್ರ ಕೇಳಿದೆ. ಅವರು ಪ್ರಶ್ನೆಯನ್ನು ಜೇಬಿಗೆ ಹಾಕಿಕೊಂಡಂತೆ ಎದ್ದು ಹೋದರು.

ಆ ವಾರದ ಹಾಳೆಗೆ ಮೇಲ್ವಿಚಾರಕಿ ಒಂಬತ್ತು ಕೊಟ್ಟರು. ಮೂರು ಎಲ್ಲಿ ಹೋಯಿತು ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಏಳು ದಿನ ನನ್ನ ಕಣ್ಣ ಮುಂದೆ ಒಂದೇ ಚಿತ್ರ: ಓನರ್ ಮನೆಯಲ್ಲಿ ಒಬ್ಬರೇ ಕೂತು ಆ ಧ್ವನಿಮುದ್ರಣ ಕೇಳುತ್ತಿದ್ದಾರೆ, ಈ ಸಲ ನೀರು ಕುಡಿಯಿರಿ ಎನ್ನುವವರಿಲ್ಲ. ವಾರದ ನಡುವೆ ಒಮ್ಮೆ ಫೋನ್ ಮಾಡಿ ವಿಚಾರಿಸುವುದು ವಿಧಾನದಲ್ಲೇ ಇತ್ತು. ಮಾಡಿದೆ. ಕೇಳ್ತಾ ಇದೀನಿ ಮೇಡಂ ಎಂದಷ್ಟೇ ಹೇಳಿ ಇಟ್ಟರು.

ಎಂಟನೇ ಬುಧವಾರ ಹನ್ನೊಂದಾಯಿತು. ಹನ್ನೊಂದೂ ಹತ್ತಾಯಿತು. ಮನಸ್ಸಿನಲ್ಲೇ ರಾಜೀನಾಮೆ ಪತ್ರ ಬರೆದು, ಕೊನೆಯ ಸಾಲಿನಲ್ಲಿ ಎಲ್ಲರ ಕ್ಷಮೆ ಕೇಳುತ್ತಿದ್ದಾಗ ಮೆಟ್ಟಿಲ ಮೇಲೆ ಸದ್ದಾಯಿತು. ಬನಶಂಕರಿ ಸಿಗ್ನಲ್ಲಿನಲ್ಲಿ ಆಟೋ ಸಿಕ್ಕಿಕೊಂಡಿತ್ತಂತೆ. ನನ್ನ ಮುಖ ನೋಡಿ, "ಯಾಕ್ ಮೇಡಂ, ಹುಷಾರಿಲ್ವಾ?" ಎಂದು ಅವರೇ ವಿಚಾರಿಸಿದರು.

ಆ ದಿನ ಬರೀ ಆ ಒಂದು ನಿಮಿಷವನ್ನೇ ಮತ್ತೆ ಮತ್ತೆ ಹೇಳಿಸಿದೆ. ತೊಂಬತ್ತು, ಎಪ್ಪತ್ತೈದು, ಅರವತ್ತು. ಐದನೇ ಸಲಕ್ಕೋ ಆರನೇ ಸಲಕ್ಕೋ, ಪೊರಕೆ ಸದ್ದು ನಿಂತ ಮೇಲೆ, ಅಲ್ಲಿಯವರೆಗೆ ಬಂದಿರದ ಒಂದು ಸಂಗತಿ ಬಂತು.

"ಶರ್ಟ್ ಯಾರೋ ಹಿಡ್ಕೊಂಡವ್ರೆ," ಎಂದರು. "ಮೇಲಿನ ಮನೆ ಬಾಡಿಗೆಯವ್ನು. ಜೇಬು ಕಿತ್ತೋಗೈತೆ." ಹುಬ್ಬು ಗಂಟಿಕ್ಕಿತು. "ನನ್ ಕಾಲು ಏಣಿ ಮೇಲೈತೆ ಮೇಡಂ. ನಾನು ಇಳಿಯಕ್ಕೋಗಿದ್ದೆ."

ಒಂದೂವರೆ ವರ್ಷದಿಂದ ಅವರು ಹೇಳುತ್ತ ಬಂದದ್ದು, ನಾನು ಮೇಲೇ ನಿಂತಿದ್ದೆ ಎಂದು. ನೋಡಿದ್ರಾ, ನೀವು ಸುಮ್ಮನೆ ನಿಂತಿರಲಿಲ್ಲ ಎಂದು ಕುಣಿಯಬೇಕೆನಿಸಿತು. ನಾಲಿಗೆ ಕಚ್ಚಿಕೊಂಡು, "ಆಮೇಲೆ?" ಎಂದೆ. ಆಮೇಲಿನದನ್ನು ಅವರು ಕಣ್ಣು ತೆರೆದು ಹೇಳಿದರು. ತಮ್ಮ ಯಾವಾಗಲೂ ಹಾಗೇ ಆಟ ಕಟ್ಟುತ್ತಿದ್ದನಂತೆ. ಹಿಂದಿನ ವಾರ ಗೇಟಿಗೆ ಬಣ್ಣ ಬಳಿಯುವಾಗ ಬಿಸಿಲಿಗೆ ತಲೆ ತಿರುಗಿತೆಂದು ಕುಸಿದು ಕೂತವನು, ಇವರು ಓಡಿಬಂದರೆ ಕಣ್ಣು ಹೊಡೆದಿದ್ದನಂತೆ. ಆ ದಿನವೂ ಹಾಗೇ ಅಂದುಕೊಂಡೆ, ಗೊತ್ತಿದ್ದದ್ದು ಅಷ್ಟೇ ಮೇಡಂ, ಎಂದರು. ಕಳೆದ ವಾರ ಜೇಬಿಗೆ ಹಾಕಿಕೊಂಡು ಹೋಗಿದ್ದ ಪ್ರಶ್ನೆಗೆ ಉತ್ತರ ಅದು. ನಿಮ್ಮ ತಪ್ಪಲ್ಲ ಎಂದು ನಾನೇ ಮೊದಲ ವಾರ ಹೇಳಿಬಿಟ್ಟಿದ್ದರೆ ಲೋಟದ ನೀರಿನಂತೆ ಅದನ್ನೂ ಬೆಳಕಿಗೆ ಹಿಡಿದು ನೋಡಿ ಕೆಳಗಿಡುತ್ತಿದ್ದರೋ ಏನೋ.

ಒಂಬತ್ತನೇ ವಾರದ ಹೊತ್ತಿಗೆ ಕುಂಡಗಳನ್ನು ತೆಗೆದಿದ್ದರು. ದಿನವೂ ಬೆಳಿಗ್ಗೆ ಮುಚ್ಚಳದ ಮೇಲೆ ಕಾಲು ಗಂಟೆ ನಿಲ್ಲುತ್ತಿದ್ದರು. ಬೀದಿಯವರು ವಾಸ್ತು ಇರಬೇಕು ಎಂದುಕೊಂಡಿದ್ದರಂತೆ. ಕಿಟಕಿಯಿಂದ ತಮ್ಮನ ಹೆಂಡತಿ ನೋಡುತ್ತಿರುತ್ತಾರೆ, ಮಾತಿಲ್ಲ ಎಂದರು. ಮುಂದಿನ ವಾರಕ್ಕೆ ಪಟ್ಟಿಯಲ್ಲಿ ಉಳಿದದ್ದು ಮೇಲಿನ ಮೂರು. ಯಾವುದನ್ನು ಮಾಡುತ್ತೀರಿ ಎಂದು ಕೇಳಿದೆ. ತೆರೆದು ನೋಡ್ತೀನಿ ಎಂದರು. ಹೆಂಡತಿ ಜೊತೆಗಿರಲಿ, ಬಗ್ಗಬೇಡಿ, ದೂರ ನಿಂತು ನೋಡಿ ಎಂದು ಮೂರು ಮೂರು ಸಲ ಹೇಳಿದೆ. ಅದು ಹಾಳೆಯಲ್ಲಿ ಇರಲಿಲ್ಲ, ನನ್ನ ಸ್ವಂತದ್ದು. ಒಂದಂಕ ಹೋದರೆ ಹೋಗಲಿ.

ಹತ್ತನೇ ಬುಧವಾರ ಅವರು ಒಬ್ಬರೇ ಬಂದರು. ಕೂತು, ರೆಕಾರ್ಡರಿನ ಕೆಂಪು ದೀಪವನ್ನು ನೋಡಿ, ನಾನು ಏನೂ ಕೇಳುವ ಮೊದಲೇ ಶುರುಮಾಡಿದರು.

ಭಾನುವಾರ ಬೆಳಿಗ್ಗೆ ಮುಚ್ಚಳ ತೆಗೆದರಂತೆ. ತಳದಲ್ಲಿ ಸ್ವಲ್ಪ ಮಳೆನೀರು, ಅದರಲ್ಲಿ ಆಕಾಶ. ಸಂಖ್ಯೆ ತೊಂಬತ್ತಕ್ಕೆ ಹೋಗಿ, ನಿಂತು, ನಿಧಾನ ಇಳಿಯುತ್ತಿತ್ತು. ಅಷ್ಟರಲ್ಲಿ ಬಾಗಿಲು ತೆರೆದು ತಮ್ಮನ ಹೆಂಡತಿ ಹೊರಗೆ ಬಂದು ಸಂಪಿನ ಆಚೆ ಬದಿಗೆ ನಿಂತರು. ಪಟ್ಟಿಯಲ್ಲಿ ನೂರು ಎಂದು ಬರೆದದ್ದು ತಾನಾಗಿ ಎದುರು ಬಂದು ನಿಂತಿತ್ತು. ಓನರ್ ಹೇಳಿಬಿಟ್ಟರು. ಅವನು ತಲೆ ತಿರುಗುತ್ತೆ ಅಂದ, ನಾನು ನಾಟಕ ಆಡಬೇಡ ಅಂದೆ. ಇಲ್ಲಿ ಕಣ್ಣು ಮುಚ್ಚಿ ಹೇಳಿದ ಹಾಗೆಯೇ, ಒಂದು ಮಾತೂ ಬಿಡದೆ.

"ಮೇಡಂ, ಅವ್ಳು ಒಳಗೆ ಹೊಂಟೋಗ್ತಾಳೆ ಅನ್ಕೊಂಡೆ." ಓನರ್ ದನಿ ಸಣ್ಣಗಾಯಿತು. "ಆಮೇಲ್ ಅಂದ್ಲು. ಭಾವ, ಅವತ್ತು ಬೆಳಿಗ್ಗೆ ಅವ್ರು ತಲೆನೋವು ಅಂತ ಮಲ್ಗಿದ್ರು. ನಾಟ್ಕ ಬ್ಯಾಡ, ಎದ್ದು ಹೋಗಿ ಅಣ್ಣಂಗೆ ಕೈಜೋಡ್ಸಿ ಅಂತ ಎಬ್ಬಿಸ್ ಕಳ್ಸಿದ್ದೇ ನಾನು, ಅಂದ್ಲು."

ಒಂದೂವರೆ ವರ್ಷ ಆಕೆ ಕಿಟಕಿಯ ಹಿಂದೆ, ಇವರು ಹಿಂದಿನ ಗೇಟಿನಲ್ಲಿ. ಹೆಚ್ಚು ಕಡಿಮೆ ಒಂದೇ ಮಾತನ್ನು ಇಬ್ಬರೂ ಬೇರೆ ಬೇರೆ ಬಚ್ಚಿಟ್ಟುಕೊಂಡಿದ್ದರು. ಮುಚ್ಚಳವನ್ನು ಇಬ್ಬರೂ ಹಿಡಿದು ಮುಚ್ಚಿದರಂತೆ. ಮನೆ ಮಾರುವ ಮಾತು ಸದ್ಯಕ್ಕೆ ಬಿಟ್ಟಿದ್ದೇನೆ ಎಂದರು. ನಿದ್ದೆ ಐದು ಗಂಟೆ. ಪೂರ್ತಿ ಹೋಗಿಲ್ಲ, ಪೊರಕೆ ಸದ್ದು ಕೇಳಿದರೆ ಈಗಲೂ ಒಂದು ಕ್ಷಣ ಕಾಲು ನಿಲ್ಲುತ್ತದೆ ಎಂದೂ ಹೇಳಿದರು.

ಆಮೇಲೆ ಅವರು ಅತ್ತರು. ನನ್ನ ಬಲಗೈ ತನ್ನಷ್ಟಕ್ಕೆ ಕುರ್ಚಿಯ ಪಕ್ಕಕ್ಕೆ ಹೋಯಿತು. ಅಲ್ಲಿ ಜಗ್ಗು ಇರಲಿಲ್ಲ. ಕೈಯನ್ನು ವಾಪಸು ತಂದು ತೊಡೆಯ ಕೆಳಗಿಟ್ಟೆ. ಧ್ವನಿಮುದ್ರಣದಲ್ಲಿ ಇಲ್ಲಿ ಬಹಳ ಹೊತ್ತು ಏನೂ ಇಲ್ಲ. ಕೆಳಗೆ ಕೋಡುಬಳೆ ಬೇಯುವ ಚೊರಚೊರ ಮಾತ್ರ.

ಅವರು ಟವೆಲಿನಿಂದ ಮುಖ ಒರೆಸಿಕೊಂಡು ತಲೆಯೆತ್ತಿದರು.

"ಮೇಡಂ, ಒಂಚೂರು ನೀರಿದ್ರೆ ಕೊಡ್ತೀರಾ?"

ಎದ್ದು ಪ್ಯಾಸೇಜಿಗೆ ಹೋದೆ. ಅಂಗಡಿಯವರಿಗೆ ಹೇಳಿ ಕ್ಯಾನ್ ತರಿಸಲೇ ಎಂದು ಅರ್ಧ ಕ್ಷಣ ಯೋಚಿಸಿದೆ. ಫಿಲ್ಟರಿನ ನಲ್ಲಿಗೆ ಲೋಟ ಹಿಡಿದೆ. ತಂದು ಅವರ ಕೈಗೆ ಕೊಟ್ಟೆ.

ಅವರು ಲೋಟವನ್ನು ಒಂದು ಗಳಿಗೆ ಹಿಡಿದುಕೊಂಡಿದ್ದರು. ಕ್ಯಾನ್ ನೀರಾ ಎಂದು ಕೇಳಲಿಲ್ಲ. ನಾನೂ ಬಾಯಿಬಿಡಲಿಲ್ಲ, ಲೋಟ ಖಾಲಿಯಾಗುವವರೆಗೆ.